ವರ್ಜೀನಿಯಾದ ಗ್ಲೆನ್ ಯಂಗ್‌ಕಿನ್ ಏನೇನ್ ಮಾಡ್ತೀನಿ ಅಂದಿದ್ರು, ಅದ್ರಲ್ಲಿ ಗವರ್ನರ್ ಕೈಲಿ ಇದ್ದಿದ್ದೆಷ್ಟು

2021ರ ಶುರುವಲ್ಲಿ ಗ್ಲೆನ್ ಯಂಗ್‌ಕಿನ್ ಅಂದ್ರೆ ವರ್ಜೀನಿಯಾದವರಿಗೇ ಸರಿಯಾಗಿ ಗೊತ್ತಿರ್ಲಿಲ್ಲ. ಹುಟ್ಟಿದ್ದು ರಿಚ್ಮಂಡ್‌ನಲ್ಲಿ, ರೈಸ್ ಯೂನಿವರ್ಸಿಟಿಲಿ ಬಾಸ್ಕೆಟ್‌ಬಾಲ್ ಆಡ್ಕೊಂಡು ಓದಿದ್ದು, ಆಮೇಲೆ ಹಾರ್ವರ್ಡ್ ಎಂಬಿಎ, ಅದಾದ್ಮೇಲೆ ಕಾರ್ಲೈಲ್ ಗ್ರೂಪ್ ಅನ್ನೋ ದೊಡ್ಡ ಇನ್ವೆಸ್ಟ್‌ಮೆಂಟ್ ಕಂಪನಿಲಿ 25 ವರ್ಷ, ಕೊನೆಗೆ ಅಲ್ಲಿನ ಕೋ-ಸಿಇಒ. ಅದಕ್ಕೆ ಮುಂಚೆ ಯಾವ ಎಲೆಕ್ಷನ್‌ಗೂ ನಿಂತವರಲ್ಲ. ಅಂಥವರು ಹಿಂದಿನ ವರ್ಷ ಬೈಡನ್ 10 ಪರ್ಸೆಂಟ್ ಅಂತರದಲ್ಲಿ ಗೆದ್ದಿದ್ದ ರಾಜ್ಯದಲ್ಲಿ, 2009ರಿಂದ ರಾಜ್ಯಮಟ್ಟದ ಒಂದು ಎಲೆಕ್ಷನ್ನೂ ಗೆಲ್ಲದೆ ಇದ್ದ ರಿಪಬ್ಲಿಕನ್ ಪಾರ್ಟಿಯಿಂದ ನಿಂತು, ನವೆಂಬರ್ 2ರಂದು ಡೆಮಾಕ್ರಾಟ್ ಪಾರ್ಟಿಯ ಮಾಜಿ ಗವರ್ನರ್ ಟೆರ್ರಿ ಮೆಕಾಲಿಫ್ ಅವ್ರನ್ನ ಸುಮಾರು 63 ಸಾವಿರ ವೋಟಿಂದ ಸೋಲಿಸಿಬಿಟ್ರು.

ಇದನ್ನ ಈಗ ಯಾಕೆ ಬರೀತಿದೀನಿ ಅಂದ್ರೆ, ಅಮೆರಿಕಾದ ಒಂದು ರಾಜ್ಯದಲ್ಲಿ ಕನ್ಸರ್ವೇಟಿವ್ ಕ್ಯಾಂಡಿಡೇಟ್ ಒಬ್ಬರು ಏನೇನು ಹೇಳ್ತಾರೆ, ಅದ್ರಲ್ಲಿ ಎಷ್ಟು ನಡೆಯತ್ತೆ ಅಂತ ಅರ್ಥ ಮಾಡ್ಕೊಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಅವ್ರು ಹೇಳಿದ್ದೂ ದಾಖಲೆಲಿದೆ, ನಾಲ್ಕು ವರ್ಷ ಆಡಳಿತ ಮಾಡಿ ಮುಗಿಸಿದ್ದೂ ಕಣ್ಮುಂದೆ ಇದೆ. ಮತ್ತೆ ವರ್ಜೀನಿಯಾದ ಉತ್ತರಕ್ಕಿರೋ ಆಶ್‌ಬರ್ನ್, ಹರ್ನ್‌ಡನ್, ಶಾಂಟಿಲಿ ಕಡೆ ನಮ್ಮ ಕನ್ನಡದವರು ತುಂಬಾ ಇದಾರೆ, ಅವ್ರ ಮಕ್ಕಳ ಸ್ಕೂಲು, ಅವ್ರು ತರೋ ದಿನಸಿ, ಅವ್ರ ಕರೆಂಟ್ ಬಿಲ್ಲು ಎಲ್ಲಾ ಈ ಎಲೆಕ್ಷನ್ ಮಧ್ಯದಲ್ಲೇ ಇತ್ತು. ಅವ್ರಲ್ಲಿ ಎಷ್ಟೋ ಜನ ಎಚ್-1ಬಿ ಅನ್ನೋ ಕೆಲಸದ ವೀಸಾಲಿ ಇರೋರು, ಟ್ಯಾಕ್ಸ್ ಪೂರ್ತಿ ಕಟ್ತಾರೆ, ವೋಟ್ ಮಾತ್ರ ಇಲ್ಲ. ವೋಟ್ ಇಲ್ದೆ ಇದ್ರೂ ವಿಷಯ ತಿಳ್ಕೊಂಡಿರ್ಬೇಕು, ಇನ್ನೂ ಹೆಚ್ಚು ತಿಳ್ಕೊಂಡಿರ್ಬೇಕು ಅಂತಾನೇ ನಾನು ನಂಬಿರೋದು, ಯಾಕಂದ್ರೆ ಸ್ಕೂಲ್ ಬೋರ್ಡ್ ಮೀಟಿಂಗ್‌ಗೆ ಹೋಗಿ ಮಾತಾಡೋಕೆ ಸಿಟಿಜನ್ ಆಗಿರ್ಬೇಕು ಅಂತೇನಿಲ್ಲ.

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳೋಣ. ನಮ್ಮಲ್ಲಿ ರಾಜ್ಯಪಾಲರು ದಿಲ್ಲಿಯಿಂದ ನೇಮಕ ಆಗಿ ಬರ್ತಾರೆ, ಅಲ್ಲಿ ಗವರ್ನರ್ ಅಂದ್ರೆ ಜನ ನೇರ ವೋಟ್ ಹಾಕಿ ಆರಿಸೋ ಆಡಳಿತಗಾರ, ನಮ್ಮ ಮುಖ್ಯಮಂತ್ರಿ ಥರ. ಆದ್ರೆ ಮುಖ್ಯಮಂತ್ರಿಗೆ ಅಸೆಂಬ್ಲಿಲಿ ಬಹುಮತ ಇದ್ದೇ ಇರತ್ತೆ, ಇಲ್ಲದಿದ್ರೆ ಕುರ್ಚಿ ಇರಲ್ಲ. ಅಲ್ಲಿ ಹಾಗಲ್ಲ, ಗವರ್ನರ್ ಒಂದು ಪಾರ್ಟಿ, ಅಸೆಂಬ್ಲಿ ಇನ್ನೊಂದು ಪಾರ್ಟಿ ಆಗಿ ನಾಲ್ಕು ವರ್ಷ ಹಾಗೇ ನಡೀಬಹುದು. ವರ್ಜೀನಿಯಾದಲ್ಲಿ 100 ಜನರ ಹೌಸ್ ಆಫ್ ಡೆಲಿಗೇಟ್ಸ್, 40 ಜನರ ಸೆನೆಟ್. ಯಂಗ್‌ಕಿನ್ ಗೆದ್ದಾಗ ಹೌಸ್ 52-48 ಲೆಕ್ಕದಲ್ಲಿ ಅವ್ರ ಪಾರ್ಟಿಗೆ ಬಂತು, ಸೆನೆಟ್ ಮಾತ್ರ 21-19ರಲ್ಲಿ ಡೆಮಾಕ್ರಾಟ್ಸ್ ಕೈಲೇ ಉಳೀತು. ಆ ಎರಡು ಸೀಟಿನ ವ್ಯತ್ಯಾಸಾನೇ ಅವ್ರ ಅರ್ಧ ಭರವಸೆಗಳ ಹಣೆಬರಹ ಬರೆದಿದ್ದು. ಇನ್ನೊಂದು ವಿಶೇಷ, ಅಮೆರಿಕಾದಲ್ಲಿ ವರ್ಜೀನಿಯಾ ಒಂದೇ ರಾಜ್ಯ ಗವರ್ನರ್‌ಗೆ ಬೆನ್ನುಬೆನ್ನಿಗೆ ಎರಡನೇ ಸಲ ನಿಲ್ಲೋಕೆ ಬಿಡಲ್ಲ. ಅಂದ್ರೆ ಬಂದ ಮೊದಲ ದಿನದಿಂದಲೇ ಟೈಮ್ ಓಡ್ತಾ ಇರತ್ತೆ.

ಅದಕ್ಕೇ ನಾನು ಯಾವ ಕ್ಯಾಂಡಿಡೇಟ್ ಮಾತನ್ನ ಕೇಳಿದ್ರೂ ಕೇಳ್ಕೊಳೋ ಪ್ರಶ್ನೆ ಒಂದೇ, ಇದು ಯಾರ ಕೈಲಿದೆ? ಗವರ್ನರ್ ಒಬ್ಬರೇ ಸೈನ್ ಹಾಕಿ ಮಾಡಬಹುದಾ, ಅಸೆಂಬ್ಲಿ ಪಾಸ್ ಮಾಡ್ಬೇಕಾ, ಲೋಕಲ್ ಸ್ಕೂಲ್ ಬೋರ್ಡ್ ಅಥವಾ ಕೌಂಟಿದಾ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ), ಇಲ್ಲ ವಾಷಿಂಗ್ಟನ್‌ದಾ. ಗ್ರೀನ್ ಕಾರ್ಡ್ ಕ್ಯೂ ಬಗ್ಗೆ ಯಾವ ಗವರ್ನರೂ ಏನೂ ಮಾಡೋಕಾಗಲ್ಲ, ಅದು ಫೆಡರಲ್, ಅಂದ್ರೆ ವಾಷಿಂಗ್ಟನ್‌ನ ಕೇಂದ್ರ ಸರ್ಕಾರದ್ದು. ಇದು ಗೊತ್ತಿಲ್ದೆ ಎಷ್ಟೋ ಜನ ರಾಜ್ಯದ ಎಲೆಕ್ಷನ್ ಬಗ್ಗೆ ಮಾತಾಡ್ತಾ ವೀಸಾ ಬಗ್ಗೆ ಜಗಳ ಆಡ್ತಾರೆ, ಅದು ವ್ಯರ್ಥ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಯಂಗ್‌ಕಿನ್ 2021ರ ಆಗಸ್ಟ್ ಕೊನೆಲಿ ಡೇ ಒನ್ ಗೇಮ್ ಪ್ಲಾನ್ ಅಂತ ಒಂದು ಪಟ್ಟಿ ಬಿಟ್ರು. ದಿನಸಿ ಮೇಲಿನ 2.5 ಪರ್ಸೆಂಟ್ ಟ್ಯಾಕ್ಸ್ ಪೂರ್ತಿ ತೆಗೀತೀನಿ, ಪೆಟ್ರೋಲ್ ಮೇಲೆ ಆಗ ತಾನೇ ಏರಿಸಿದ್ದ ಟ್ಯಾಕ್ಸನ್ನ ಒಂದು ವರ್ಷ ನಿಲ್ಲಿಸ್ತೀನಿ, ಇನ್ಕಮ್ ಟ್ಯಾಕ್ಸಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಟ್ಯಾಕ್ಸ್ ಹಾಕದೆ ಬಿಡೋ ಆದಾಯ) ಡಬಲ್ ಮಾಡ್ತೀನಿ, ಒಂದು ಸಲ ಒಬ್ಬರಿಗೆ 300 ಡಾಲರ್, ಗಂಡ ಹೆಂಡತಿ ಸೇರಿದ್ರೆ 600 ವಾಪಸ್ ಕೊಡ್ತೀನಿ, ಕೌಂಟಿಯವರು ಪ್ರಾಪರ್ಟಿ ಟ್ಯಾಕ್ಸ್ ಏರಿಸ್ಬೇಕಾದ್ರೆ ಜನರ ವೋಟ್ ಕೇಳ್ಬೇಕು ಅಂತ ಮಾಡ್ತೀನಿ. ರಾಜ್ಯದ ಖಜಾನೆಲಿ ಆ ವರ್ಷ ಸುಮಾರು 260 ಕೋಟಿ ಡಾಲರ್ ಮಿಕ್ಕಿತ್ತು, ಅದು ಆಗಿನ ದಾಖಲೆ, ಅದಕ್ಕೇ ಈ ಮಾತಿಗೆ ಬಲ ಬಂದಿದ್ದು. ಇದು ಕನ್ಸರ್ವೇಟಿವ್ ವಾದದ ಮೂಲ, ಸರ್ಕಾರಕ್ಕೆ ಬೇಕಾಗಿದ್ದಕ್ಕಿಂತ ಜಾಸ್ತಿ ಬಂದಿದ್ರೆ ಅದು ದುಡಿದವರ ದುಡ್ಡು, ವಾಪಸ್ ಹೋಗ್ಬೇಕು. ಆ ಕಡೆಯವರ ವಾದಾನೂ ಹಗುರವಾಗಿರ್ಲಿಲ್ಲ, ಮಿಕ್ಕಿದ್ದರಲ್ಲಿ ಕೋವಿಡ್ ಹೊತ್ತಿನ ಫೆಡರಲ್ ದುಡ್ಡಿನ ಪ್ರಭಾವ ಇದೆ, ಪ್ರತಿವರ್ಷ ಬರಲ್ಲ, ದಿನಸಿ ಟ್ಯಾಕ್ಸಲ್ಲಿ ಒಂದು ಭಾಗ ಸ್ಕೂಲಿಗೂ ರಸ್ತೆಗೂ ಹೋಗತ್ತೆ, ಅದನ್ನ ಎಲ್ಲಿಂದ ತುಂಬ್ತೀರಿ ಅಂತ.

ಇದನ್ನ ಒಂದು ಮನೆ ಲೆಕ್ಕದಲ್ಲಿ ನೋಡಿ. ತಿಂಗಳಿಗೆ 800 ಡಾಲರ್ ಅಕ್ಕಿ ಬೇಳೆ ಹಾಲು ತರಕಾರಿ ಅಂತ ಖರ್ಚು ಮಾಡೋ ಮನೆಗೆ 2.5 ಪರ್ಸೆಂಟ್ ಅಂದ್ರೆ ತಿಂಗಳಿಗೆ 20 ಡಾಲರ್, ವರ್ಷಕ್ಕೆ 240. ಸ್ಟ್ಯಾಂಡರ್ಡ್ ಡಿಡಕ್ಷನ್ ಗಂಡ ಹೆಂಡತಿಗೆ 9,000 ಇದ್ದಿದ್ದು 18,000 ಆಗಿದ್ರೆ, ಹೆಚ್ಚಾದ 9,000ಕ್ಕೆ 5.75 ಪರ್ಸೆಂಟ್ ಲೆಕ್ಕದಲ್ಲಿ 517 ಡಾಲರ್ ಉಳೀತಿತ್ತು. ವರ್ಜೀನಿಯಾದಲ್ಲಿ ಈ 5.75 ಪರ್ಸೆಂಟ್ ಸ್ಲ್ಯಾಬ್ ಟ್ಯಾಕ್ಸ್ ಬೀಳೋ ಆದಾಯ 17,000 ಡಾಲರ್ ದಾಟಿದ ಕೂಡ್ಲೇ ಶುರುವಾಗತ್ತೆ, ಅಂದ್ರೆ ಅಂಗಡಿಲಿ ಕೆಲಸ ಮಾಡೋರಿಗೂ ದೊಡ್ಡ ಎಂಜಿನಿಯರ್‌ಗೂ ಮೇಲಿನ ರೇಟ್ ಒಂದೇ. ಹಾಗಾಗಿ ನನಗನ್ನಿಸೋದು, ಈ ಪಟ್ಟಿಲಿ ಜನ ಜಾಸ್ತಿ ಮಾತಾಡಿದ್ದು ದಿನಸಿ ಟ್ಯಾಕ್ಸ್ ಬಗ್ಗೆ, ಮನೆಗೆ ನಿಜವಾಗಿ ಹೆಚ್ಚು ಉಳಿಸೋದು ಡಿಡಕ್ಷನ್. ಡಿಡಕ್ಷನ್ ಅಂದ್ರೆ ಭಾಷಣದಲ್ಲಿ ಯಾರೂ ಚಪ್ಪಾಳೆ ಹೊಡೆಯಲ್ಲ, ದಿನಸಿ ಅಂದ್ರೆ ಎಲ್ರಿಗೂ ಅರ್ಥ ಆಗತ್ತೆ.

ಇವೆಲ್ಲಾ ಅಸೆಂಬ್ಲಿ ಪಾಸ್ ಮಾಡ್ಬೇಕಾದ ವಿಷಯ. ಆಗಿದ್ದೇನು ಅಂದ್ರೆ, ಸೆನೆಟ್ ಜೊತೆ ತಿಂಗಳುಗಟ್ಟಲೆ ಹಗ್ಗಜಗ್ಗಾಟ ನಡೆದು 2.5ರಲ್ಲಿ ರಾಜ್ಯದ ಪಾಲು 1.5 ಪರ್ಸೆಂಟ್ 2023ರ ಜನವರಿ 1ರಿಂದ ಹೋಯ್ತು, ಲೋಕಲ್ ಪಾಲು 1 ಪರ್ಸೆಂಟ್ ಉಳೀತು. ಡಿಡಕ್ಷನ್ 4,500 ಇದ್ದಿದ್ದು 8,000 ಆಯ್ತು, ಜಂಟಿಯಾಗಿ ಕಟ್ಟೋರಿಗೆ 16,000, ಪೂರ್ತಿ ಡಬಲ್ ಅಲ್ಲ ಆದ್ರೆ ಹತ್ತಿರ ಬಂತು, ಆಮೇಲೆ ಇನ್ನೂ ಸ್ವಲ್ಪ ಏರ್ತು. ವಾಪಸ್ ಕೊಟ್ಟಿದ್ದು 250 ಮತ್ತು 500. ಪೆಟ್ರೋಲ್ ಟ್ಯಾಕ್ಸ್ ಮಾತ್ರ ಸೆನೆಟ್‌ನಲ್ಲಿ ಬಿದ್ದೋಯ್ತು, 2022ರಲ್ಲಿ ರೇಟ್ ಗಗನಕ್ಕೆ ಹೋಗಿದ್ದಾಗ ಮೂರು ತಿಂಗಳು ಪೂರ್ತಿ ನಿಲ್ಲಿಸೋಣ ಅಂದ್ರೂ ಒಪ್ಪಲಿಲ್ಲ. ಪ್ರಾಪರ್ಟಿ ಟ್ಯಾಕ್ಸ್‌ಗೆ ಜನರ ವೋಟ್ ಅನ್ನೋದು ಕಾನೂನಾಗ್ಲೇ ಇಲ್ಲ. ಅದು ಆಗಿದ್ರೆ ಕೌಂಟಿ ಸ್ಕೂಲುಗಳಿಗೆ ದೊಡ್ಡ ಹೊಡೆತ ಬೀಳ್ತಿತ್ತು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಅಲ್ಲಿ ಸ್ಕೂಲ್ ನಡೆಯೋ ದುಡ್ಡಲ್ಲಿ ದೊಡ್ಡ ಪಾಲು ಬರೋದೇ ಮನೆ ಮೇಲಿನ ತೆರಿಗೆಯಿಂದ. ಬಾಯಲ್ಲಿ ಹೇಳೋಕೆ ಸುಲಭ ಇರೋ ಮಾತಿನ ಹಿಂದೆ ಇಂಥದ್ದು ಇರತ್ತೆ.

ಆದ್ರೆ ಎಲೆಕ್ಷನ್ ಗೆಲ್ಲಿಸಿದ್ದು ಟ್ಯಾಕ್ಸ್ ಅಲ್ಲ, ಸ್ಕೂಲು.

2020ರ ಮಾರ್ಚಲ್ಲಿ ಮುಚ್ಚಿದ ನಾರ್ದರ್ನ್ ವರ್ಜೀನಿಯಾದ ಸ್ಕೂಲುಗಳು ಸುಮಾರು ಒಂದು ವರ್ಷ ಬಹುತೇಕ ಆನ್‌ಲೈನ್‌ನಲ್ಲೇ ನಡೆದ್ವು. ಮನೆಲಿ ಇಬ್ಬರೂ ಕೆಲಸ ಮಾಡ್ತಾ, ಪಕ್ಕದ ರೂಮಲ್ಲಿ ಮಗು ಲ್ಯಾಪ್‌ಟಾಪ್ ಮುಂದೆ ಕೂತಿರೋದನ್ನ ನೋಡ್ತಾ, ಅಪ್ಪ ಅಮ್ಮಂದಿರಿಗೆ ಮೊದಲನೇ ಸಲ ಕ್ಲಾಸಲ್ಲಿ ಏನ್ ನಡೀತಿದೆ ಅನ್ನೋದು ಕಿವಿಗೆ ಬಿತ್ತು. ಅದರ ಮೇಲೆ ಮಾಸ್ಕ್ ಜಗಳ, ಲೌಡನ್ ಕೌಂಟಿಲಿ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳ ಪಾಲಿಸಿ ಬಗ್ಗೆ ಗಲಾಟೆ, 2021ರ ಜೂನ್‌ನಲ್ಲಿ ಬೋರ್ಡ್ ಮೀಟಿಂಗನ್ನೇ ಅರ್ಧಕ್ಕೆ ನಿಲ್ಲಿಸಿ ಪೊಲೀಸ್ ಕರೆಸೋ ಮಟ್ಟಕ್ಕೆ ಹೋಯ್ತು. ಇಂಥ ಹೊತ್ತಲ್ಲಿ ಸೆಪ್ಟೆಂಬರ್ 28ರ ಡಿಬೇಟಲ್ಲಿ, ಸ್ಕೂಲ್ ಲೈಬ್ರರಿ ಪುಸ್ತಕಗಳ ಬಗ್ಗೆ ಮಾತು ಬಂದಾಗ, ಮೆಕಾಲಿಫ್ ಅವ್ರು ಸ್ಕೂಲು ಏನ್ ಕಲಿಸ್ಬೇಕು ಅಂತ ಪೇರೆಂಟ್ಸ್ ಹೇಳ್ಬಾರ್ದು ಅನ್ನೋ ಅರ್ಥದ ಮಾತು ಆಡಿಬಿಟ್ರು. ಅವ್ರು ಗವರ್ನರ್ ಆಗಿದ್ದಾಗ, ಲೈಂಗಿಕ ವಿಷಯ ಇರೋ ಪಾಠದ ಬಗ್ಗೆ ಪೇರೆಂಟ್ಸ್‌ಗೆ ಮೊದಲೇ ತಿಳಿಸ್ಬೇಕು ಅನ್ನೋ ಬಿಲ್ಲನ್ನ ವೀಟೋ ಮಾಡಿ ತಡೆದಿದ್ರು, ಅದನ್ನ ಸಮರ್ಥಿಸೋಕೆ ಹೋಗಿ ಬಂದ ಮಾತದು. ಯಂಗ್‌ಕಿನ್ ಆ ವಾಕ್ಯನ ಮರುದಿನದಿಂದ ಬಿಡ್ಲೇ ಇಲ್ಲ, ಜಾಹೀರಾತು, ರ್‍ಯಾಲಿ, ಬೋರ್ಡು ಎಲ್ಲಾ ಕಡೆ ಪೇರೆಂಟ್ಸ್ ಮ್ಯಾಟರ್ ಅಂತಾನೇ.

ಅವ್ರ ಸ್ಕೂಲ್ ನಿಲುವುಗಳನ್ನ ಬಿಡಿಸಿ ನೋಡಿದ್ರೆ ನಾಲ್ಕಾರು ಬೇರೆ ಬೇರೆ ವಿಷಯ ಒಂದೇ ಸ್ಲೋಗನ್ ಕೆಳಗೆ ಕೂತಿತ್ತು. ಕ್ರಿಟಿಕಲ್ ರೇಸ್ ಥಿಯರಿ ಬ್ಯಾನ್ ಮಾಡ್ತೀನಿ ಅನ್ನೋದು ಒಂದು. ಇದು ಅಮೆರಿಕಾದ ಲಾ ಸ್ಕೂಲುಗಳಲ್ಲಿ 1970-80ರ ದಶಕದಲ್ಲಿ ಬೆಳೆದ ಚಿಂತನೆ, ಜನಾಂಗಭೇದ ಅನ್ನೋದು ಬರೀ ವ್ಯಕ್ತಿಗಳ ಮನಸ್ಸಲ್ಲಿ ಅಲ್ಲ, ಕಾನೂನು ಸಂಸ್ಥೆಗಳ ಒಳಗೇ ಇದೆ ಅನ್ನೋದು ಅದರ ತಿರುಳು. ವರ್ಜೀನಿಯಾ ಮಕ್ಕಳ ಸಿಲಬಸ್‌ನಲ್ಲಿ ಇದು ಒಂದು ಪಾಠವಾಗಿ ಇರ್ಲಿಲ್ಲ, ಡೆಮಾಕ್ರಾಟ್ಸ್ ಹೇಳಿದ್ದು ನಿಜಾನೇ. ಆದ್ರೆ ಶಿಕ್ಷಣ ಇಲಾಖೆಯ ಕೆಲವು ದಾಖಲೆಗಳಲ್ಲಿ, ಟೀಚರ್ ಟ್ರೈನಿಂಗ್ ಮಟೀರಿಯಲ್‌ನಲ್ಲಿ ಆ ಚಿಂತನೆಯ ಹೆಸರೂ ಪ್ರಭಾವಾನೂ ಇತ್ತು, ಯಂಗ್‌ಕಿನ್ ಕಡೆಯವರು ತೋರಿಸಿದ್ದು ಅದನ್ನ. ಎರಡೂ ಕಡೆಯವ್ರು ಬೇರೆ ಬೇರೆ ವಸ್ತು ಬಗ್ಗೆ ಮಾತಾಡ್ತಾ ಒಬ್ಬರನ್ನೊಬ್ಬರು ಸುಳ್ಳುಗಾರರು ಅಂತಿದ್ರು. ಜನವರಿ 15, 2022ಕ್ಕೆ ಪ್ರಮಾಣವಚನ ತಗೊಂಡ ದಿನಾನೇ ಅವ್ರ ಮೊದಲ ಎಕ್ಸಿಕ್ಯುಟಿವ್ ಆರ್ಡರ್, ಅಂದ್ರೆ ಗವರ್ನರ್ ಒಬ್ಬರೇ ಸೈನ್ ಹಾಕಿ ಹೊರಡಿಸೋ ಆದೇಶ, ಇದರ ಬಗ್ಗೇನೇ ಬಂತು. ಆರ್ಡರ್ ಇಲಾಖೆಗೆ ಅನ್ವಯ ಆಗತ್ತೆ, ಪಾಲಿಸಿ ಪೇಪರ್ ತೆಗೆಸಬಹುದು, ಆದ್ರೆ ಒಂದೊಂದು ಕ್ಲಾಸ್‌ರೂಮಲ್ಲಿ ಟೀಚರ್ ಏನ್ ಹೇಳ್ತಾರೆ ಅನ್ನೋದರ ಮೇಲೆ ಗವರ್ನರ್‌ಗೆ ನೇರ ಹಿಡಿತ ಇರಲ್ಲ. ಪೇರೆಂಟ್ಸ್ ದೂರು ಕಳಿಸೋಕೆ ಒಂದು ಇಮೇಲ್ ಮಾಡಿದ್ರು, ಟೀಚರ್‌ಗಳಿಗೆ ಅದು ತಮ್ಮ ಮೇಲೆ ಗೂಢಚಾರಿಕೆ ಮಾಡ್ದಂಗೆ ಅನ್ನಿಸ್ತು, ಆ ವರ್ಷಾನೇ ಅದು ಸದ್ದಿಲ್ದೆ ನಿಂತೋಯ್ತು.

ಎರಡನೇ ಆರ್ಡರ್ ಮಾಸ್ಕ್ ಬಗ್ಗೆ, ಮಗು ಮಾಸ್ಕ್ ಹಾಕ್ಬೇಕಾ ಬೇಡ್ವಾ ಅಂತ ಪೇರೆಂಟ್ಸ್ ತೀರ್ಮಾನ ಮಾಡ್ಲಿ. ಇಲ್ಲಿ ಸ್ವಲ್ಪ ನಿಂತು ನೋಡ್ಬೇಕು, ಯಾಕಂದ್ರೆ ಕನ್ಸರ್ವೇಟಿವ್ ಚಿಂತನೆಯ ಒಳಗಿನ ಒಂದು ನಿಜವಾದ ಬಿಕ್ಕಟ್ಟು ಇಲ್ಲಿದೆ. ಅಧಿಕಾರ ದೂರದ ರಾಜಧಾನಿಲಿ ಇರ್ಬಾರ್ದು, ಜನರ ಹತ್ತಿರ ಇರೋ ಲೋಕಲ್ ಸಂಸ್ಥೆಲಿ ಇರ್ಬೇಕು ಅನ್ನೋದು ಅವ್ರ ಹಳೇ ವಾದ. ವರ್ಜೀನಿಯಾ ಸಂವಿಧಾನಾನೂ ಸ್ಕೂಲುಗಳ ಮೇಲ್ವಿಚಾರಣೆ ಲೋಕಲ್ ಸ್ಕೂಲ್ ಬೋರ್ಡಿಗೆ ಅಂತ ಸ್ಪಷ್ಟವಾಗಿ ಬರೆದಿದೆ. ಈಗ ರಾಜಧಾನಿ ರಿಚ್ಮಂಡ್‌ನಲ್ಲಿ ಕೂತ ಗವರ್ನರ್ ಬಂದು ಬೋರ್ಡುಗಳ ನಿಯಮ ರದ್ದು ಅಂದ್ರೆ ಅದು ಹೇಗೆ? ಯಂಗ್‌ಕಿನ್ ಉತ್ತರ ಏನಂದ್ರೆ ಬೋರ್ಡ್‌ಗಿಂತಲೂ ಹತ್ತಿರ ಇರೋದು ತಂದೆ ತಾಯಿ, ನಾನು ಅಧಿಕಾರ ಮೇಲಕ್ಕೆ ಎಳ್ಕೊತಿಲ್ಲ, ಇನ್ನೂ ಕೆಳಕ್ಕೆ ಕೊಡ್ತಿದೀನಿ. ಆ ಬೋರ್ಡನ್ನೂ ಜನಾನೇ ವೋಟ್ ಹಾಕಿ ಆರಿಸಿರ್ತಾರಲ್ವಾ, ಪಕ್ಕದ ಬೆಂಚಿನ ಮಗುವಿನ ತಂದೆ ತಾಯಿಗೂ ಹಕ್ಕು ಇರತ್ತಲ್ವಾ ಅನ್ನೋದು ಎದುರು ವಾದ. ನನಗೆ ಎರಡರಲ್ಲೂ ಸತ್ಯ ಕಾಣತ್ತೆ, ಆದ್ರೆ ಆರ್ಡರ್ ಮೂಲಕ ಮಾಡಿದ ದಾರಿ ಸರಿ ಇರ್ಲಿಲ್ಲ ಅಂತಾನೇ ಅನ್ನಿಸೋದು, ಕೋರ್ಟಲ್ಲೂ ಹಾಗೇ ಆಯ್ತು. ಫೇರ್‌ಫ್ಯಾಕ್ಸ್, ಆರ್ಲಿಂಗ್ಟನ್ ಸೇರಿ ಏಳು ಬೋರ್ಡುಗಳು ಕೇಸ್ ಹಾಕಿದ್ವು, ಜಡ್ಜ್ ತಾತ್ಕಾಲಿಕವಾಗಿ ತಡೆದ್ರು. ಆಗ ಅಸೆಂಬ್ಲಿಗೆ ಹೋದ್ರು, ಸೆನೆಟ್‌ನ ಕೆಲವು ಡೆಮಾಕ್ರಾಟ್ಸೂ ಕೈ ಜೋಡಿಸಿದ್ರು, ಫೆಬ್ರವರಿ 16ಕ್ಕೆ ಅದೇ ವಿಷಯ ಕಾನೂನಾಯ್ತು. ಒಂದು ತಿಂಗಳ ಮೊದಲೇ ಈ ದಾರಿ ಹಿಡಿದಿದ್ರೆ ಇಷ್ಟು ರಂಪ ಆಗ್ತಿರ್ಲಿಲ್ಲ.

ಇನ್ನು ಚಾರ್ಟರ್ ಸ್ಕೂಲ್. ಸರ್ಕಾರದ ದುಡ್ಡಲ್ಲಿ ನಡೆದ್ರೂ ಜಿಲ್ಲೆಯ ದಿನನಿತ್ಯದ ಕಟ್ಟುಪಾಡಿಂದ ಹೊರಗಿರೋ ಸ್ಕೂಲುಗಳಿವು. 20 ಶುರು ಮಾಡ್ತೀನಿ ಅಂದಿದ್ರು. ಪಕ್ಕದ ನಾರ್ತ್ ಕೆರೊಲಿನಾದಲ್ಲಿ 200ರ ಆಸುಪಾಸು ಇವೆ, ವರ್ಜೀನಿಯಾದಲ್ಲಿ ಬೆರಳೆಣಿಕೆಯಷ್ಟು, ಕಾರಣ ಅಲ್ಲಿ ಒಪ್ಪಿಗೆ ಕೊಡೋದು ಮತ್ತೆ ಅದೇ ಲೋಕಲ್ ಬೋರ್ಡ್, ತಮ್ಮ ದುಡ್ಡು ಹಂಚ್ಕೊಳೋ ಸ್ಕೂಲಿಗೆ ಅವ್ರು ಯಾಕೆ ಒಪ್ತಾರೆ. ಸೆನೆಟ್ ಆ ನಿಯಮ ಬದಲಾಯಿಸೋಕೆ ಬಿಡಲಿಲ್ಲ. ಬದಲಿಗೆ ಕಾಲೇಜುಗಳ ಜೊತೆ ಸೇರಿ ನಡೆಸೋ ಲ್ಯಾಬ್ ಸ್ಕೂಲ್‌ಗಳಿಗೆ ಬಜೆಟ್‌ನಲ್ಲಿ 10 ಕೋಟಿ ಡಾಲರ್ ಸಿಕ್ತು. ಕ್ಯಾಂಡಿಡೇಟ್ ಹೇಳಿದ್ದಕ್ಕೂ ಗವರ್ನರ್ ಮಾಡಿದ್ದಕ್ಕೂ ನಡುವೆ ಹೀಗೆ ಬೇರೊಂದು ರೂಪ ತಾಳಿದ ಭರವಸೆಗಳು ಜಾಸ್ತಿ, ಇವನ್ನ ಗೆದ್ರು ಸೋತ್ರು ಅಂತ ಲೆಕ್ಕ ಹಾಕೋಕಾಗಲ್ಲ.

ನಮ್ಮವರಿಗೆ ಅತಿ ಹತ್ತಿರದ ವಿಷಯ ಟೀಜೆ, ಅಂದ್ರೆ ಫೇರ್‌ಫ್ಯಾಕ್ಸ್ ಕೌಂಟಿಯ ಥಾಮಸ್ ಜೆಫರ್ಸನ್ ಹೈಸ್ಕೂಲ್. ಸೈನ್ಸು ಗಣಿತಕ್ಕೆ ದೇಶದಲ್ಲೇ ಹೆಸರಾದ ಸರ್ಕಾರಿ ಸ್ಕೂಲು, ಎಂಟ್ರೆನ್ಸ್ ಟೆಸ್ಟ್ ಬರೆದು ಸೇರ್ಬೇಕಿತ್ತು, ಇಂಡಿಯನ್ ಮನೆಗಳಲ್ಲಿ ಐದನೇ ಆರನೇ ಕ್ಲಾಸಿಂದಾನೇ ಕೋಚಿಂಗು. 2020ರ ಕೊನೆಲಿ ಸ್ಕೂಲ್ ಬೋರ್ಡ್ ಆ ಟೆಸ್ಟನ್ನೇ ತೆಗೆದುಹಾಕಿ, ಪ್ರತಿಯೊಂದು ಮಿಡಲ್ ಸ್ಕೂಲಿನ ಮೇಲಿನ 1.5 ಪರ್ಸೆಂಟ್ ಮಕ್ಕಳಿಗೆ ಸೀಟ್ ಮೀಸಲಿಟ್ಟು, ಮಾರ್ಕ್ಸು, ಪ್ರಬಂಧ, ಮನೆಯ ಪರಿಸ್ಥಿತಿ ನೋಡಿ ಕೊಡೋ ಪದ್ಧತಿ ತಂತು. ಮುಂದಿನ ವರ್ಷ ಸೀಟ್ ಸಿಕ್ಕಿದವರಲ್ಲಿ ಏಷ್ಯನ್ ಮಕ್ಕಳ ಪಾಲು 73 ಪರ್ಸೆಂಟಿಂದ 54ಕ್ಕೆ ಇಳೀತು. ಅದೇ ವರ್ಷ ಬಡ ಕುಟುಂಬದ ಮಕ್ಕಳ ಪಾಲು ಒಂದು ಪರ್ಸೆಂಟೂ ಇಲ್ಲದ್ದು 25ಕ್ಕೆ ಏರ್ತು. ಎರಡು ಸಂಖ್ಯೆನೂ ಒಟ್ಟಿಗೆ ಹೇಳ್ಬೇಕು, ಒಂದನ್ನೇ ಹೇಳೋರು ಅರ್ಧ ಕಥೆ ಹೇಳ್ತಿದಾರೆ. ರಾತ್ರಿ ಹಗಲು ಓದಿದ ಮಗುಗೆ ನಿನ್ನ ಟೆಸ್ಟೇ ಇಲ್ಲ ಅಂದ್ರೆ ಆಗೋ ನೋವು ನಿಜ, ಕೋಚಿಂಗ್‌ಗೆ ದುಡ್ಡಿಲ್ಲದ ಮನೆಯ ಬುದ್ಧಿವಂತ ಮಗು ಇಷ್ಟು ವರ್ಷ ಆ ಬಾಗಿಲ ಹತ್ತಿರಾನೂ ಬರ್ಲಿಲ್ಲ ಅನ್ನೋದೂ ನಿಜ.

ಯಂಗ್‌ಕಿನ್ ಮೆರಿಟ್ ಪರ ಗಟ್ಟಿಯಾಗಿ ನಿಂತ್ರು, ಅಡ್ವಾನ್ಸ್ಡ್ ಗಣಿತದ ಕ್ಲಾಸ್‌ಗಳನ್ನ ಕಡಿಮೆ ಮಾಡೋಕೆ ಬಿಡಲ್ಲ ಅಂದ್ರು, ಎಷ್ಟೋ ಇಂಡಿಯನ್, ಚೈನೀಸ್, ಕೊರಿಯನ್ ಮನೆಗಳು ಮೊದಲನೇ ಸಲ ರಿಪಬ್ಲಿಕನ್ ಕಡೆ ತಿರುಗಿ ನೋಡಿದ್ದು ಈ ಕಾರಣಕ್ಕೆ. ಆದ್ರೆ ಟೀಜೆ ಅಡ್ಮಿಷನ್ ಫೇರ್‌ಫ್ಯಾಕ್ಸ್ ಬೋರ್ಡಿನ ಕೈಲಿತ್ತು, ಗವರ್ನರ್ ಸೈನ್ ಹಾಕಿ ಬದಲಾಯಿಸೋ ವಿಷಯ ಅಲ್ಲ. ಪೇರೆಂಟ್ಸ್ ಗುಂಪು ಕೋರ್ಟಿಗೆ ಹೋಯ್ತು, 2022ರಲ್ಲಿ ಕೆಳಗಿನ ಫೆಡರಲ್ ಕೋರ್ಟಲ್ಲಿ ಗೆದ್ರು, 2023ರಲ್ಲಿ ಅಪೀಲ್ ಕೋರ್ಟಲ್ಲಿ ಸೋತ್ರು, 2024ರ ಫೆಬ್ರವರಿಲಿ ಸುಪ್ರೀಂ ಕೋರ್ಟ್ ಕೇಸನ್ನ ಕೈಗೆತ್ತಿಕೊಳ್ಳಲ್ಲ ಅಂತು. ಇದಕ್ಕೋಸ್ಕರ ಗವರ್ನರ್‌ಗೆ ವೋಟ್ ಹಾಕಿದ್ದವರು ಆಮೇಲೆ ನಿರಾಶರಾಗಿದ್ದನ್ನ ನೋಡಿದೀನಿ. ಅವ್ರು ಅದೇ ಶಕ್ತಿನ ಬೋರ್ಡ್ ಎಲೆಕ್ಷನ್‌ಗೆ ಹಾಕಿದ್ರೆ ಹೆಚ್ಚು ಪರಿಣಾಮ ಇರ್ತಿತ್ತು, ಅಲ್ಲಿ ವೋಟ್ ಹಾಕೋರೂ ಕಡಿಮೆ.

ಅಬಾರ್ಷನ್ ವಿಷಯದಲ್ಲಿ ಯಂಗ್‌ಕಿನ್ ಮಾತು ಬೇರೆ ಥರ ಇತ್ತು. ನಾನು ಪ್ರೊ-ಲೈಫ್ (ಅಬಾರ್ಷನ್ ವಿರೋಧಿ), ಆದ್ರೆ ಅತ್ಯಾಚಾರ, ರಕ್ತಸಂಬಂಧಿಯಿಂದ ಆದ ಗರ್ಭ, ತಾಯಿ ಜೀವಕ್ಕೆ ಅಪಾಯ ಇದ್ರೆ ವಿನಾಯಿತಿ ಬೇಕು ಅಂದ್ರು, ಭ್ರೂಣಕ್ಕೆ ನೋವು ತಿಳಿಯೋ ಹಂತದ ಮೇಲೆ ತಡೆಯೋ ಕಾನೂನಿಗೆ ಒಪ್ಪಿಗೆ ಇದೆ, ಟೆಕ್ಸಾಸ್ ಆಗ ತಂದ ಕಠಿಣ ಕಾನೂನಿಗೆ ಸೈನ್ ಹಾಕಲ್ಲ ಅಂದ್ರು. 2021ರ ಬೇಸಿಗೆಲಿ ಯಾರೋ ಗುಟ್ಟಾಗಿ ತೆಗೆದ ವಿಡಿಯೋದಲ್ಲಿ, ಈ ವಿಷಯ ಈಗ ಜೋರಾಗಿ ಎತ್ತಿದ್ರೆ ಇಂಡಿಪೆಂಡೆಂಟ್, ಅಂದ್ರೆ ಯಾವ ಪಾರ್ಟಿಗೂ ಸೇರದವರ ವೋಟು ಕಳ್ಕೊತೀನಿ, ಗೆದ್ದ ಮೇಲೆ ನೋಡೋಣ ಅನ್ನೋ ಅರ್ಥದಲ್ಲಿ ಮಾತಾಡಿದ್ದು ಹೊರಗೆ ಬಂತು. ಇದನ್ನ ಕೆಲವರು ಜಾಣತನ ಅಂದ್ರು. ನನಗೆ ಇದು ಸರಿ ಅನ್ನಿಸಲ್ಲ, ಜನರ ಹತ್ತಿರ ವೋಟ್ ಕೇಳೋವಾಗ ಇಷ್ಟು ದೊಡ್ಡ ವಿಷಯದಲ್ಲಿ ಪೂರ್ತಿ ಹೇಳ್ಬೇಕಾಗಿತ್ತು. ಆಮೇಲೆ 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲಾ ಅಬಾರ್ಷನ್ ಹಕ್ಕು ಕೊಟ್ಟಿದ್ದ ತನ್ನ ಹಳೇ ತೀರ್ಪನ್ನ ತೆಗೆದುಹಾಕ್ತು, ಇಡೀ ವಿಷಯ ರಾಜ್ಯಗಳ ಕೈಗೆ ಬಂತು, ಎಲೆಕ್ಷನ್ ಹೊತ್ತಲ್ಲಿ ದೂರದ್ದು ಅನ್ನಿಸಿದ್ದು ಒಂದೇ ದಿನದಲ್ಲಿ ಮನೆ ಬಾಗಿಲಿಗೆ. ಯಂಗ್‌ಕಿನ್ 15 ವಾರದ ಮಿತಿ ಅಂದ್ರು, ಸೆನೆಟ್ ಒಪ್ಪಲಿಲ್ಲ. 2023ರಲ್ಲಿ ಅಸೆಂಬ್ಲಿ ಎಲೆಕ್ಷನ್‌ಗೆ ಅದನ್ನೇ ಮುಂದಿಟ್ಕೊಂಡು ಹೋದ್ರು, ಎರಡೂ ಸದನ ಡೆಮಾಕ್ರಾಟ್ಸ್‌ಗೆ ಹೋಯ್ತು, ಹೌಸ್ 51-49, ಸೆನೆಟ್ 21-19.

ಸಲಿಂಗ ಮದುವೆ ಬಗ್ಗೆ ಕೇಳಿದಾಗ ವೈಯಕ್ತಿಕವಾಗಿ ನನ್ನ ನಂಬಿಕೆ ಬೇರೆ, ಆದ್ರೆ ಇದು ಕಾನೂನು, ಗವರ್ನರ್ ಆಗಿ ಅದನ್ನ ಪಾಲಿಸ್ತೀನಿ ಅಂದಿದ್ರು. 2024ರಲ್ಲಿ ಅಂಥ ಮದುವೆ ಲೈಸೆನ್ಸ್ ನಿರಾಕರಿಸ್ಬಾರ್ದು ಅನ್ನೋ ಬಿಲ್ಲಿಗೆ ಅವ್ರೇ ಸೈನ್ ಹಾಕಿದ್ರು. ಇದನ್ನ ಹೇಳೋದು ಯಾಕಂದ್ರೆ ಕನ್ಸರ್ವೇಟಿವ್ ಅಂದ ತಕ್ಷಣ ಎಲ್ಲಾ ವಿಷಯದಲ್ಲೂ ಒಂದೇ ಅಚ್ಚು ಅಂತ ತಿಳ್ಕೊಳೋದು ತಪ್ಪು. ಗನ್ ವಿಷಯದಲ್ಲೂ ಅಷ್ಟೇ, ಗನ್ ಹಕ್ಕಿನ ಪರ ಇರೋ ಎನ್‌ಆರ್‌ಎ ಸಂಘ ಕೊಟ್ಟ ಪ್ರಶ್ನಾವಳಿಗೆ ಉತ್ತರಾನೇ ಕೊಡ್ಲಿಲ್ಲ, ಅವ್ರ ಬೆಂಬಲಾನೂ ಸಿಗ್ಲಿಲ್ಲ, ಗವರ್ನರ್ ಆದ್ಮೇಲೆ ಮಾತ್ರ ಗನ್ ನಿಯಂತ್ರಣದ ಹತ್ತಾರು ಬಿಲ್ಲುಗಳನ್ನ ವೀಟೋ ಮಾಡಿದ್ರು.

ಕರೆಂಟ್ ಬಿಲ್ಲಿಗೆ ಬರೋಣ. ವರ್ಜೀನಿಯಾ 2021ರಲ್ಲಿ ಈಶಾನ್ಯದ ಹತ್ತು ರಾಜ್ಯಗಳ ಜೊತೆ ಸೇರಿ ರೆಗ್ಗಿ ಅಂತ ಕರೆಯೋ ಒಂದು ಒಪ್ಪಂದಕ್ಕೆ ಹೋಗಿತ್ತು. ಕರೆಂಟ್ ಕಂಪನಿ ಇಂಗಾಲ ಬಿಡ್ಬೇಕಾದ್ರೆ ಅದಕ್ಕೆ ಪರ್ಮಿಟ್ ಕೊಂಡ್ಕೋಬೇಕು, ಆ ಖರ್ಚನ್ನ ಡೊಮಿನಿಯನ್ ಕಂಪನಿ ಸಾಮಾನ್ಯ ಮನೆಯ ಬಿಲ್ಲಿಗೆ ತಿಂಗಳಿಗೆ 2.39 ಡಾಲರ್ ಅಂತ ಸೇರಿಸ್ತು. ಯಂಗ್‌ಕಿನ್ ಇದನ್ನ ಹೆಸರು ಬದಲಾಯಿಸಿದ ಟ್ಯಾಕ್ಸ್ ಅಂದ್ರು, ಕಂಪನಿಗೆ ಹೊರೆ ಬೀಳಲ್ಲ, ಪೂರ್ತಿ ಗ್ರಾಹಕರ ಮೇಲೆ ಬೀಳತ್ತೆ, ಹಾಗಿದ್ಮೇಲೆ ಕಂಪನಿ ಯಾಕೆ ಬದಲಾಗತ್ತೆ ಅಂತ. ಆ ವಾದದಲ್ಲಿ ತೂಕ ಇದೆ. ಆದ್ರೆ ಆ ದುಡ್ಡಲ್ಲಿ 45 ಪರ್ಸೆಂಟ್ ಪ್ರವಾಹ ತಡೆಯೋ ಕೆಲಸಕ್ಕೆ, 50 ಪರ್ಸೆಂಟ್ ಬಡವರ ಮನೆಯ ಕರೆಂಟ್ ಖರ್ಚು ಇಳಿಸೋ ರಿಪೇರಿಗೆ ಹೋಗ್ತಿತ್ತು, ನಾರ್ಫೋಕ್ ಥರದ ಸಮುದ್ರದ ಅಂಚಿನ ಊರುಗಳಿಗೆ ಅದು ಸಣ್ಣ ವಿಷಯ ಅಲ್ಲ. ಸೇರಿದ್ದು ಅಸೆಂಬ್ಲಿ ಕಾನೂನಿನ ಮೂಲಕ, ಯಂಗ್‌ಕಿನ್ ಹೊರಗೆ ಬಂದಿದ್ದು ತಮ್ಮವರು ಇದ್ದ, ವಾಯುಮಾಲಿನ್ಯದ ನಿಯಮ ಮಾಡೋ ಏರ್ ಬೋರ್ಡಿನ ಮೂಲಕ, 2023ರಲ್ಲಿ 4-3 ವೋಟಲ್ಲಿ. 2024ರ ನವೆಂಬರಲ್ಲಿ ಒಬ್ಬ ಜಡ್ಜ್ ಈ ದಾರಿ ಕಾನೂನುಬಾಹಿರ ಅಂದ್ರು, ಕಾನೂನು ಮಾಡಿದವರೇ ಅದನ್ನ ತೆಗೀಬೇಕು ಅನ್ನೋದು ತಾತ್ಪರ್ಯ.

ಹಾಗಾದ್ರೆ ಗವರ್ನರ್ ಒಬ್ಬರೇ ಮಾಡಬಹುದಾದ್ದು ಏನೂ ಇಲ್ವಾ? ಇದೆ, ಅದರ ಬಗ್ಗೆ ಕ್ಯಾಂಪೇನಲ್ಲಿ ಮಾತು ಕಡಿಮೆ ಅಷ್ಟೇ. ಕೈದಿಗಳನ್ನ ಅವಧಿಗೆ ಮುಂಚೆ ಬಿಡ್ಬೇಕಾ ಅಂತ ತೀರ್ಮಾನಿಸೋ ಪರೋಲ್ ಬೋರ್ಡ್ ಪೂರ್ತಿ ಬದಲಾಯಿಸ್ತೀನಿ ಅಂದಿದ್ರು, ಮೊದಲ ದಿನಾನೇ ಎಲ್ರನ್ನೂ ತೆಗೆದ್ರು, ಯಾರ ಒಪ್ಪಿಗೆನೂ ಅದಕ್ಕೆ ಬೇಕಾಗ್ಲಿಲ್ಲ. ವರ್ಜೀನಿಯಾದಲ್ಲಿ ದೊಡ್ಡ ಅಪರಾಧದಲ್ಲಿ ಶಿಕ್ಷೆ ಆದವರು ವೋಟಿನ ಹಕ್ಕು ಕಳ್ಕೊತಾರೆ, ಅದನ್ನ ವಾಪಸ್ ಕೊಡೋ ಅಧಿಕಾರ ಗವರ್ನರ್ ಒಬ್ಬರಿಗೇ. ಹಿಂದಿನ ಮೂವರು ಗವರ್ನರ್‌ಗಳು, ಅದ್ರಲ್ಲಿ ಒಬ್ಬ ರಿಪಬ್ಲಿಕನ್ನೂ ಸೇರಿ, ಇದನ್ನ ಹಂತಹಂತವಾಗಿ ಸುಲಭ ಮಾಡ್ತಾ ಬಂದಿದ್ರು. ಯಂಗ್‌ಕಿನ್ ಅದನ್ನ ನಿಲ್ಲಿಸಿ ಒಬ್ಬೊಬ್ಬರ ಅರ್ಜಿನೂ ಬೇರೆ ಬೇರೆ ನೋಡೋ ಪದ್ಧತಿಗೆ ತಂದ್ರು. ಸಾವಿರಾರು ಜನರ ಜೀವನ ಮುಟ್ಟೋ ಈ ನಿರ್ಧಾರದ ಬಗ್ಗೆ ಡಿಬೇಟಲ್ಲಿ ಗಟ್ಟಿಯಾಗಿ ಪ್ರಶ್ನೆ ಕೇಳಿಸ್ಲೇ ಇಲ್ಲ, ಇದು ನನಗೆ ಇವತ್ತಿಗೂ ಬೇಜಾರು.

ಇನ್ನೊಂದು ಅಸ್ತ್ರ ವೀಟೋ. ಬಿಲ್ಲನ್ನ ತಡೆದ್ರೆ ಮತ್ತೆ ಪಾಸ್ ಮಾಡೋಕೆ ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಬೇಕು, 51-49ರ ಸದನದಲ್ಲಿ ಅದು ಆಗೋ ಮಾತಲ್ಲ. 2024 ಒಂದೇ ವರ್ಷದಲ್ಲಿ ಯಂಗ್‌ಕಿನ್ 201 ಬಿಲ್ ವೀಟೋ ಮಾಡಿದ್ರು. ಕನಿಷ್ಠ ಕೂಲಿ ಗಂಟೆಗೆ 15 ಡಾಲರ್ ಮಾಡೋದು, ಗಾಂಜಾ ಅಂಗಡಿ ತೆರೆಯೋದು, ಗನ್ ಬಿಲ್ಲುಗಳು ಎಲ್ಲಾ ಅಲ್ಲೇ ನಿಂತ್ವು. ಕ್ಯಾಂಡಿಡೇಟ್ ಆಗಿದ್ದಾಗ ಏನ್ ಮಾಡ್ತೀನಿ ಅಂತ ಪಟ್ಟಿ ಕೊಟ್ಟಿದ್ರು, ಕೊನೆಗೆ ಅವ್ರ ಕನ್ಸರ್ವೇಟಿವ್ ಗುರುತು ಗಟ್ಟಿಯಾಗಿ ಮೂಡಿದ್ದು ಏನನ್ನ ಆಗೋಕೆ ಬಿಡಲಿಲ್ಲ ಅನ್ನೋದ್ರಲ್ಲಿ. ವರ್ಜೀನಿಯಾದಂಥ ಅರ್ಧರ್ಧ ಒಡೆದ ರಾಜ್ಯದಲ್ಲಿ ಕ್ಯಾಂಡಿಡೇಟ್ ಒಬ್ಬರನ್ನ ಕೇಳ್ಬೇಕಾದ ಪ್ರಶ್ನೆ, ನಿಮ್ಮ ಕನಸೇನು ಅಂತ ಅಷ್ಟೇ ಅಲ್ಲ, ಎದುರು ಪಾರ್ಟಿಯವರು ಯಾವ ಬಿಲ್ ಕಳಿಸಿದ್ರೆ ನೀವು ತಡೀತೀರಿ ಅನ್ನೋದೂ ಹೌದು.

2025ರ ನವೆಂಬರಲ್ಲಿ ಡೆಮಾಕ್ರಾಟ್ ಅಬಿಗೇಲ್ ಸ್ಪ್ಯಾನ್‌ಬರ್ಗರ್ ದೊಡ್ಡ ಅಂತರದಲ್ಲಿ ಗೆದ್ರು, ಹೈದರಾಬಾದಲ್ಲಿ ಹುಟ್ಟಿದ ಗಜಾಲಾ ಹಶ್ಮಿ ಲೆಫ್ಟಿನೆಂಟ್ ಗವರ್ನರ್ ಆದ್ರು. ಈಗ ಯಂಗ್‌ಕಿನ್ ಕಾಲದ ಎಕ್ಸಿಕ್ಯುಟಿವ್ ಆರ್ಡರ್‌ಗಳನ್ನ ಹೊಸ ಗವರ್ನರ್ ಒಂದು ಸೈನ್‌ನಲ್ಲಿ ತೆಗೀಬಹುದು, ವೀಟೋ ಆದ ಬಿಲ್ಲುಗಳು ಮತ್ತೆ ಬರಬಹುದು. ಮಾಸ್ಕ್ ಕಾನೂನು, ದಿನಸಿ ಮೇಲಿಂದ ಹೋದ 1.5 ಪರ್ಸೆಂಟು, ಇವನ್ನ ಬದಲಾಯಿಸ್ಬೇಕಾದ್ರೆ ಮಾತ್ರ ಅಸೆಂಬ್ಲಿಲಿ ವೋಟ್ ಆಗ್ಬೇಕು. ಟೀಜೆ ಅಡ್ಮಿಷನ್ ಇವತ್ತಿಗೂ ಫೇರ್‌ಫ್ಯಾಕ್ಸ್ ಬೋರ್ಡಿನ ಕೈಲೇ ಇದೆ, ಆ ಬೋರ್ಡಿನ ಎಲೆಕ್ಷನ್ ನಾಲ್ಕು ವರ್ಷಕ್ಕೊಂದು ಸಲ, ಮುಂದಿನದು 2027ರಲ್ಲಿ.